ಮೈಕ್ರೋವೇವ್ ಫೋಟಾನಿಕ್ ಲಿಂಕ್‌ನಲ್ಲಿ ನಾಯ್ಸ್, ಡಿಸ್ಟಾರ್ಷನ್: ಕಳ್ಳ ಯಾರು ಅಂತ ಹಿಡಿಯೋದು ಹೇಗೆ

ಮೈಕ್ರೋವೇವ್ ಫೋಟಾನಿಕ್ ಲಿಂಕ್ ಅಂದ್ರೆ ರೇಡಿಯೋ ಸಿಗ್ನಲ್‌ನ ಲೇಸರ್ ಬೆಳಕಿನ ಮೇಲೆ ಕೂರ್ಸಿ, ಫೈಬರ್‌ನಲ್ಲಿ ಕಳ್ಸಿ, ಆ ಕಡೆ ಫೋಟೋಡಯೋಡ್‌ನಲ್ಲಿ ವಾಪಸ್ ಕರೆಂಟ್ ಮಾಡ್ಕೊಳ್ಳೋ ವ್ಯವಸ್ಥೆ. ಈ ಲಿಂಕ್‌ನಲ್ಲಿ ನಾಯ್ಸ್ ಜಾಸ್ತಿ ಇದೆ ಅಂದ ತಕ್ಷಣ ಎಲ್ರೂ ಮೊದ್ಲು ಬೈಯೋದು ಲೇಸರ್‌ನ. ನಾನೂ ಬೈದೋನೇ. ಒಂದ್ಸಲ 10 ಗಿಗಾಹರ್ಟ್ಸ್ ಲಿಂಕ್ ಒಂದ್ರಲ್ಲಿ ನಾಯ್ಸ್ ಫಿಗರ್ (ಒಳಗೆ ಹೋದ ಸಿಗ್ನಲ್-ನಾಯ್ಸ್ ಅನುಪಾತ ಹೊರಗೆ ಬರೋವಾಗ ಎಷ್ಟು ಕೆಟ್ಟಿದೆ ಅನ್ನೋ ಅಳತೆ) ಲೆಕ್ಕಕ್ಕಿಂತ ಸಿಕ್ಕಾಪಟ್ಟೆ ಕೆಟ್ಟದಾಗಿ ಬರ್ತಿತ್ತು, ಲೇಸರ್ ಬಿಚ್ಚಿ ಬೇರೆ ಹಾಕ್ದೆ, ಏನೂ ಆಗ್ಲಿಲ್ಲ, ಡ್ರೈವರ್ ಬದಲಾಯಿಸ್ದೆ, ಆಗ್ಲೂ ನಾಯ್ಸ್ ಫ್ಲೋರ್, ಅಂದ್ರೆ ತಳದಲ್ಲಿ ಯಾವಾಗ್ಲೂ ಇರೋ ನಾಯ್ಸ್ ಮಟ್ಟ, ಒಂದಿಷ್ಟೂ ಅಲ್ಲಾಡ್ಲಿಲ್ಲ, ಎರಡು ವಾರ ಹೀಗೇ ಹೋಯ್ತು. ಕೊನೆಗೆ ಮಲ್ಟಿಮೀಟರ್ ಹಿಡ್ಕೊಂಡು ಫೋಟೋಡಯೋಡ್ ಕರೆಂಟ್ ನೋಡಿದ್ರೆ 4 ಮಿಲಿಆಂಪ್ ಇರ್ಬೇಕಾದ ಕಡೆ 0.5 ಇದೆ. ಮಧ್ಯದಲ್ಲಿ ಒಂದು ಹಸಿರು ಎಪಿಸಿ (ತುದಿ ಓರೆಯಾಗಿರೋ) ಕನೆಕ್ಟರ್‌ನ ನೀಲಿ ಪಿಸಿ (ತುದಿ ನೇರವಾಗಿರೋ) ಕನೆಕ್ಟರ್‌ಗೆ ಯಾರೋ ಸೇರಿಸಿದ್ರು, ಇನ್ನೊಂದರ ತುದಿ ಕೊಳಕಾಗಿತ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ದಂಗಾಯ್ತು ನನ್ನ ಕತೆ.

ಇಲ್ಲಿ ಅರ್ಥ ಮಾಡ್ಕೊಬೇಕಾದ್ದು ಏನಪ್ಪಾ ಅಂದ್ರೆ ಅವತ್ತು ನಾಯ್ಸ್ ಏರಿರ್ಲೇ ಇಲ್ಲ, ಸಿಗ್ನಲ್ ಬಿದ್ದಿತ್ತು. ಕರೆಂಟ್ 8 ಪಟ್ಟು ಕಮ್ಮಿ ಅಂದ್ರೆ ಆಪ್ಟಿಕಲ್ ಲೆಕ್ಕದಲ್ಲಿ 9 ಡಿಬಿ, ಆದ್ರೆ ಫೋಟೋಡಯೋಡ್‌ನಲ್ಲಿ ಕರೆಂಟ್ ಬೆಳಕಿನ ಪವರ್‌ಗೆ ತಕ್ಕಂತೆ ಹೋಗತ್ತೆ, ಆರ್‌ಎಫ್ (ರೇಡಿಯೋ ಸಿಗ್ನಲ್) ಪವರ್ ಕರೆಂಟ್‌ನ ವರ್ಗಕ್ಕೆ ತಕ್ಕಂತೆ ಹೋಗತ್ತೆ, ಹಾಗಾಗಿ ಆರ್‌ಎಫ್‌ನಲ್ಲಿ 18 ಡಿಬಿ ಹೊಡ್ತ. ಬೆಳಕಲ್ಲಿ 1 ಡಿಬಿ ಕಳ್ಕೊಂಡ್ರೆ ಆರ್‌ಎಫ್‌ನಲ್ಲಿ 2 ಡಿಬಿ ಹೋಗತ್ತೆ ಅನ್ನೋದನ್ನ ಗೋಡೆ ಮೇಲೆ ಬರೆದಿಟ್ಕೊಳ್ಳಿ, ಮುಂದೆ ಬರೋದೆಲ್ಲ ಇದ್ರ ಮೇಲೇ ನಿಂತಿರೋದು.

ಅದಕ್ಕೇ ನನ್ನ ಕ್ರಮ ಈಗ ಬೇರೆ. ಯಾವ ಪಾರ್ಟೂ ಬಿಚ್ಚಲ್ಲ. ಮೊದ್ಲು ಡಿಸಿ ಫೋಟೋಕರೆಂಟ್ ಓದ್ತೀನಿ, ಆಮೇಲೆ ಫೋಟೋಡಯೋಡ್ ಮುಂದೆ ಒಂದು ವೇರಿಯಬಲ್ ಆಪ್ಟಿಕಲ್ ಆಟೆನ್ಯುಯೇಟರ್, ಅಂದ್ರೆ ಬೆಳಕನ್ನ ಬೇಕಾದಷ್ಟು ಇಳ್ಸೋ ಸಾಧನ, ಹಾಕ್ತೀನಿ. ಇವೆರಡ್ರಿಂದ್ಲೇ ಮುಕ್ಕಾಲು ಪಾಲು ಗೊತ್ತಾಗಿ ಹೋಗತ್ತೆ.

ಶುರು ಮಾಡೋ ಮುಂಚೆ ಎರಡು ಮಾತು

1550 ನ್ಯಾನೋಮೀಟರ್ ಬೆಳಕು ಕಣ್ಣಿಗೆ ಕಾಣಲ್ಲ, ಆದ್ರೆ ಕಣ್ಣು ಕೆಡಿಸೋಕೆ ಅದಕ್ಕೇನೂ ತೊಂದ್ರೆ ಇಲ್ಲ, ಮಧ್ಯೆ ಆಪ್ಟಿಕಲ್ ಆಂಪ್ಲಿಫೈಯರ್ ಇದ್ರಂತೂ ಫೈಬರ್ ತುದಿ ಕಡೆ ನೋಡೋ ಮಾತೇ ಇಲ್ಲ. ಕನೆಕ್ಟರ್ ಬಿಚ್ಚೋವಾಗ, ಒರೆಸೋವಾಗ ಪವರ್ ಆಫ್. ಪವರ್ ಜಾಸ್ತಿ ಇದ್ದಾಗ ಧೂಳು ಅಲ್ಲೇ ಸುಟ್ಟು ಫೈಬರ್ ತುದಿಗೆ ಅಂಟ್ಕೊಂಡು ಬಿಡತ್ತೆ, ಆಮೇಲೆ ಎಷ್ಟು ಒರೆಸಿದ್ರೂ ಹೋಗಲ್ಲ, ಆ ಪಿಗ್‌ಟೇಲ್ (ಪಾರ್ಟ್‌ಗೇ ಅಂಟಿರೋ ಫೈಬರ್ ತುಂಡು) ಕತೆ ಮುಗೀತು.

ಎರಡನೇದು, ನಿಮ್ಮ ಸ್ಪೆಕ್ಟ್ರಮ್ ಅನಲೈಸರ್‌ನ ನಂಬ್ಬೇಡಿ. ಅದ್ರದ್ದೇ ಒಂದು ನಾಯ್ಸ್ ಫ್ಲೋರ್ ಇರತ್ತೆ, ಪ್ರಿಆಂಪ್ ಇಲ್ದೆ ಇದ್ರೆ ಸಾಮಾನ್ಯವಾಗಿ ಒಂದು ಹರ್ಟ್ಸ್‌ಗೆ -150 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ) ಆಸುಪಾಸು, ನೀವು ಅಳೀಬೇಕು ಅಂತಿರೋ ಲಿಂಕ್ ನಾಯ್ಸ್ ಅದಕ್ಕಿಂತ ಕೆಳಗೆ ಇದ್ರೆ ನೀವು ಇಡೀ ದಿನ ಅನಲೈಸರ್ ನಾಯ್ಸನ್ನೇ ನೋಡ್ತಾ ಕೂತಿರ್ತೀರ. ಲಿಂಕ್ ಔಟ್‌ಪುಟ್‌ಗೆ ಒಂದು ಲೋ ನಾಯ್ಸ್ ಆಂಪ್ ಹಾಕಿ, ಲೇಸರ್ ಆಫ್ ಮಾಡಿದಾಗ ಫ್ಲೋರ್ ಕನಿಷ್ಠ 10 ಡಿಬಿ ಕೆಳಗೆ ಬಿದ್ರೆ ಅಳತೆ ಸರಿ ಇದೆ ಅಂತ ಅರ್ಥ. ಬೀಳ್ಲಿಲ್ಲ ಅಂದ್ರೆ ನಿಮಗೆ ಕಾಣ್ತಿರೋದ್ರಲ್ಲಿ ಆಂಪ್ ಮತ್ತೆ ಅನಲೈಸರ್ ಪಾಲೂ ಇದೆ, ಅದನ್ನ ಕಳೀದೆ ಲೆಕ್ಕ ಹಾಕ್ಬಾರ್ದು. ಓದೋವಾಗ ನಾಯ್ಸ್ ಮಾರ್ಕರ್ ಉಪಯೋಗ್ಸಿ. ಮಾಮೂಲಿ ಮಾರ್ಕರ್‌ನಲ್ಲಿ ಓದಿ ರೆಸಲ್ಯೂಷನ್ ಬ್ಯಾಂಡ್‌ವಿಡ್ತ್ ಕಳೆದ್ರೆ ಲಾಗ್ ಆವರೇಜಿಂಗ್‌ನಿಂದ 2.5 ಡಿಬಿ ಕಮ್ಮಿ ತೋರ್ಸತ್ತೆ, ಆಮೇಲೆ ನಮ್ಮ ಲಿಂಕ್ ಥಿಯರಿಗಿಂತ ಚೆನ್ನಾಗಿದೆ ಅಂತ ಖುಷಿಪಡೋರನ್ನ ನೋಡಿದ್ದೀನಿ.

ಎಷ್ಟಿರ್ಬೇಕು ಅಂತ ಗೊತ್ತಿಲ್ದೆ ಎಷ್ಟು ಜಾಸ್ತಿ ಅಂತ ಹೇಗೆ ಹೇಳ್ತೀರ

ಒಂದು ಮಾದರಿ ಲಿಂಕ್ ಇಟ್ಕೊಳಣ. 1550ರ ಡಿಎಫ್‌ಬಿ ಲೇಸರ್, ಸಿಗ್ನಲ್‌ನ ಬೆಳಕಿನ ಮೇಲೆ ಕೂರ್ಸೋ ಲಿಥಿಯಂ ನಿಯೋಬೇಟ್ ಮಾಕ್-ಝೆಂಡರ್ ಮಾಡ್ಯುಲೇಟರ್, ಅದರ ವಿ-ಪೈ (ಬೆಳಕನ್ನ ಪೂರ್ತಿ ಆನ್‌ನಿಂದ ಪೂರ್ತಿ ಆಫ್ ಮಾಡೋಕೆ ಬೇಕಾದ ವೋಲ್ಟೇಜ್) 5 ವೋಲ್ಟ್, ಬಯಾಸ್ (ಮಾಡ್ಯುಲೇಟರ್‌ನ ಒಂದು ಬಿಂದುವಲ್ಲಿ ನಿಲ್ಸೋ ಡಿಸಿ ವೋಲ್ಟೇಜ್) ಕ್ವಾಡ್ರೇಚರ್‌ನಲ್ಲಿ, ಅಂದ್ರೆ ಆನ್ ಮತ್ತೆ ಆಫ್‌ನ ನಡುಮಧ್ಯದಲ್ಲಿ, ಫೋಟೋಡಯೋಡ್ ಕರೆಂಟ್ 10 ಮಿಲಿಆಂಪ್, ಎಲ್ಲಾ ಕಡೆ 50 ಓಮ್. ಗೇನ್ ಅಂದ್ರೆ ಪೈ ಗುಣಿಸು ಕರೆಂಟ್ ಗುಣಿಸು 50, ಅದನ್ನ ವಿ-ಪೈಯಿಂದ ಭಾಗ್ಸಿ ವರ್ಗ ಮಾಡೋದು. ಇಲ್ಲಿ 0.314ರ ವರ್ಗ, ಅಂದ್ರೆ ಸುಮಾರು -10 ಡಿಬಿ. ಫೋಟೋಡಯೋಡ್ ಒಳಗೇ 50 ಓಮ್ ಮ್ಯಾಚಿಂಗ್ ರೆಸಿಸ್ಟರ್ ಇದ್ರೆ ಇನ್ನೂ 6 ಡಿಬಿ ಕಮ್ಮಿ, ಡೇಟಾಶೀಟ್‌ನಲ್ಲಿ ಇದನ್ನ ನೋಡ್ದೆ ಎಷ್ಟೋ ಜನ ಆ 6 ಡಿಬಿ ಎಲ್ಲಿ ಹೋಯ್ತು ಅಂತ ಹುಡುಕ್ತಿರ್ತಾರೆ.

ನಾಯ್ಸ್ ಮೂರು ಥರ. ಥರ್ಮಲ್ ನಾಯ್ಸ್ ಒಂದು ಹರ್ಟ್ಸ್‌ಗೆ -174 ಡಿಬಿಎಂ, ಬೆಳಕು ಇರ್ಲಿ ಬಿಡ್ಲಿ ಅದು ಅಲ್ಲೇ ಇರತ್ತೆ. ಶಾಟ್ ನಾಯ್ಸ್, ಅಂದ್ರೆ 1918ರಲ್ಲಿ ಭೌತವಿಜ್ಞಾನಿ ಶಾಟ್ಕಿ ವ್ಯಾಕ್ಯೂಮ್ ಟ್ಯೂಬ್‌ಗಳ ವಿಷಯದಲ್ಲಿ ಹೇಳಿದ್ನಲ್ಲ ಅದೇ, ಕರೆಂಟ್ ಬಿಡಿಬಿಡಿ ಎಲೆಕ್ಟ್ರಾನ್ ಆಗಿ ಬರೋದ್ರಿಂದ ಆಗೋದು, 10 ಮಿಲಿಆಂಪ್‌ಗೆ -158. ಮೂರನೇದು ರಿನ್, ಲೇಸರ್ ಬೆಳಕಿನ ತೀವ್ರತೆಯೇ ಅಲ್ಲಾಡೋದು, ಲೇಸರ್ ರಿನ್ ಹರ್ಟ್ಸ್‌ಗೆ -155 ಡಿಬಿ ಅಂತ ಇದ್ರೆ ಔಟ್‌ಪುಟ್‌ನಲ್ಲಿ -148 ಡಿಬಿಎಂ. ಮೂರೂ ಸೇರ್ಸಿದ್ರೆ ನಾಯ್ಸ್ ಫಿಗರ್ 36 ಡಿಬಿ ಹತ್ರ ಬರತ್ತೆ. ಹೌದು, 36. ಹೊಸಬ್ರು ಇದನ್ನ ನೋಡಿ ಹೌಹಾರ್ತಾರೆ, ಆದ್ರೆ ಮುಂದೆ ಪ್ರಿಆಂಪ್ ಇಲ್ದಿರೋ ಮಾಮೂಲಿ ಲಿಂಕ್‌ಗೆ ಇದು ದೋಷ ಅಲ್ಲ, ಇರೋದೇ ಹಾಗೆ. ನಿಮ್ಮ ಕರೆಂಟ್, ನಿಮ್ಮ ವಿ-ಪೈ ಹಾಕಿ ಲೆಕ್ಕ ಮಾಡಿ, ಅಳತೆ ಅದರ 2 ಡಿಬಿ ಒಳಗೆ ಬಂದ್ರೆ ದೋಷ ಹುಡುಕೋದು ಬಿಟ್ಟು ಡಿಸೈನ್ ಬದಲಾಯಿಸೋ ಬಗ್ಗೆ ಯೋಚ್ನೆ ಮಾಡಿ.

ಆಟೆನ್ಯುಯೇಟರ್ ಪರೀಕ್ಷೆ

ಈಗ ಅಸಲಿ ವಿಷಯ. ಆಟೆನ್ಯುಯೇಟರ್ ಫೋಟೋಡಯೋಡ್‌ಗೆ ಒತ್ಕೊಂಡೇ ಇರ್ಬೇಕು, ಫೈಬರ್, ಆಂಪ್ಲಿಫೈಯರ್ ಎಲ್ಲಾ ಆದ್ಮೇಲೆ. ಬೆಳಕನ್ನ 3 ಡಿಬಿ ಇಳ್ಸಿ, ಅಂದ್ರೆ ಫೋಟೋಕರೆಂಟ್ ಕರೆಕ್ಟಾಗಿ ಅರ್ಧ ಆಗೋ ಹಾಗೆ, ಆಟೆನ್ಯುಯೇಟರ್ ಡಯಲ್ ನಂಬೋದಕ್ಕಿಂತ ಕರೆಂಟ್ ನೋಡ್ಕೊಂಡು ಇಳ್ಸೋದೇ ಒಳ್ಳೇದು. ನಾಯ್ಸ್ ಫ್ಲೋರ್ ಎಷ್ಟು ಇಳೀತು?

ಒಂಚೂರೂ ಇಳೀಲಿಲ್ಲ ಅಂದ್ರೆ ಅದು ಥರ್ಮಲ್, ಅಥವಾ ಫೋಟೋಡಯೋಡ್ ಆದ್ಮೇಲೆ ಬರೋ ಆಂಪ್‌ದು. 3 ಡಿಬಿ ಇಳಿದ್ರೆ ಶಾಟ್. 6 ಡಿಬಿ ಇಳಿದ್ರೆ ರಿನ್ ಅಥವಾ ರಿನ್ ಥರ ನಡ್ಕೊಳ್ಳೋ ಯಾವ್ದೋ ಒಂದು, ಅಂದ್ರೆ ಬೆಳಕಿನ ಜೊತೇಲೇ ಬಂದಿರೋ ನಾಯ್ಸ್. ಮಧ್ಯದ ನಂಬರ್ ಬಂದ್ರೆ ಎರಡು ಬೆರೆತಿದೆ, ಇನ್ನೂ 3 ಡಿಬಿ ಇಳ್ಸಿ ನೋಡಿ ಯಾವ ಕಡೆ ವಾಲತ್ತೆ ಅಂತ.

ಇದು ಯಾಕೆ ಇಷ್ಟು ಮುಖ್ಯ ಅಂದ್ರೆ ಮದ್ದು ಏನು ಅನ್ನೋದು ಈ ಒಂದು ನಂಬರ್‌ನಿಂದ್ಲೇ ತೀರ್ಮಾನ ಆಗತ್ತೆ. ಸಿಗ್ನಲ್ ಯಾವಾಗ್ಲೂ 6 ಡಿಬಿ ಇಳಿಯತ್ತೆ ಅಥವಾ ಏರತ್ತೆ. ಥರ್ಮಲ್ ಆಗಿದ್ರೆ ಬೆಳಕು ಏರ್ಸಿ, ಏರ್ಸಿದ್ದೆಲ್ಲ ಪೂರ್ತಿ ಲಾಭ. ಶಾಟ್ ಆಗಿದ್ರೆ ಅರ್ಧ ಲಾಭ. ರಿನ್ ಆಗಿದ್ರೆ ಎಷ್ಟು ಏರ್ಸಿದ್ರೂ ಸಿಗ್ನಲ್ ಮತ್ತೆ ನಾಯ್ಸ್ ಕೈ ಕೈ ಹಿಡ್ಕೊಂಡು ಒಟ್ಟಿಗೇ ಏರತ್ತೆ, ಸೊನ್ನೆ ಲಾಭ. ರಿನ್ ಇರೋ ಲಿಂಕ್‌ಗೆ ಇನ್ನೂ ದೊಡ್ಡ ಲೇಸರ್ ತರ್ಸೋದು, ಥರ್ಮಲ್ ಇರೋ ಲಿಂಕ್‌ಗೆ ರಿನ್ ಕಮ್ಮಿ ಇರೋ ದುಬಾರಿ ಲೇಸರ್ ತರ್ಸೋದು, ಎರಡೂ ಒಂದೇ ಥರದ ದಂಡ. ನಾನು ಎರಡು ವಾರ ಮಾಡಿದ್ದು ಎರಡನೇದು.

6 ಡಿಬಿ ಇಳೀತು ಅಂತಾದ್ರೆ

ಇಲ್ಲಿ ಕಳ್ಳರು ಬಹಳ ಜನ, ಎಲ್ರೂ ರಿನ್ ವೇಷ ಹಾಕ್ಕೊಂಡೇ ಬರ್ತಾರೆ.

ಮೊದ್ಲು ಮಾಡ್ಯುಲೇಟರ್, ಉದ್ದ ಫೈಬರ್ ಎಲ್ಲಾ ತೆಗೆದು ಲೇಸರ್‌ನ ಆಟೆನ್ಯುಯೇಟರ್ ಮೂಲಕ ನೇರವಾಗಿ ಫೋಟೋಡಯೋಡ್‌ಗೆ ಕೊಡಿ, ಕರೆಂಟ್ ಮಾತ್ರ ಅಷ್ಟೇ ಇರೋ ಹಾಗೆ ನೋಡ್ಕೊಳ್ಳಿ. ನಾಯ್ಸ್ ಹಾಗೇ ಇದ್ರೆ ನಿಜವಾಗ್ಲೂ ಲೇಸರ್‌ದೇ. ಆಗ ನಾಯ್ಸ್ ಯಾವ ಆಕಾರದಲ್ಲಿದೆ ನೋಡಿ. ಕೆಲವು ಗಿಗಾಹರ್ಟ್ಸ್ ಹತ್ರ ಒಂದು ಗುಡ್ಡ ಎದ್ದಿದ್ರೆ ಅದು ರಿಲ್ಯಾಕ್ಸೇಷನ್ ಆಸಿಲೇಷನ್, ಲೇಸರ್ ಕರೆಂಟ್‌ನ ಥ್ರೆಶೋಲ್ಡ್‌ಗಿಂತ ಇನ್ನೂ ಮೇಲೆ ತಗೊಂಡು ಹೋದ್ರೆ ಗುಡ್ಡ ಚಪ್ಪಟೆ ಆಗ್ತಾ ಮೇಲಿನ ಫ್ರೀಕ್ವೆನ್ಸಿಗೆ ಸರಿಯತ್ತೆ, ನಿಮ್ಮ ಬ್ಯಾಂಡ್‌ನಿಂದ ಆಚೆ ಹೋದ್ರೆ ಸಾಕು. ಲಿಂಕ್‌ನಲ್ಲಿ ಸಿಗ್ನಲ್ ಓಡ್ತಿರೋವಾಗ ಕ್ಯಾರಿಯರ್ (ಸಿಗ್ನಲ್‌ನ ಮೂಲ ಟೋನ್) ಅಕ್ಕಪಕ್ಕ ಸಮ ಅಂತರದಲ್ಲಿ ಸಣ್ಣ ಸಣ್ಣ ಮುಳ್ಳುಗಳಿದ್ರೆ ಅದು ನಾಯ್ಸೇ ಅಲ್ಲ, ಸ್ವಿಚಿಂಗ್ ಪವರ್ ಸಪ್ಲೈ ನುಸುಳ್ತಿದೆ, ಲೇಸರ್ ಡ್ರೈವರ್‌ನ ಒಂದ್ಸಲ ಬ್ಯಾಟರಿ ಮೇಲೆ ಓಡ್ಸಿ ನೋಡಿ, ಮುಳ್ಳು ಮಾಯ ಆದ್ರೆ ಕೇಸ್ ಕ್ಲೋಸ್. ಇನ್ನೊಂದು, ಮಾಡ್ಯುಲೇಟರ್ ಬಯಾಸ್ ಜಾರದ ಹಾಗೆ ನೋಡ್ಕೊಳ್ಳೋ ಬಯಾಸ್ ಕಂಟ್ರೋಲರ್ ಹಾಕೋ ಸಣ್ಣ ಪರೀಕ್ಷಾ ಸಿಗ್ನಲ್, ಅಂದ್ರೆ ಪೈಲಟ್ ಟೋನ್ ಕೂಡ ಕೆಲವು ಕಿಲೋಹರ್ಟ್ಸ್ ದೂರದಲ್ಲಿ ಹೀಗೇ ಕಾಣತ್ತೆ, ಅದನ್ನ ದೋಷ ಅಂದ್ಕೊಂಡು ಲೇಸರ್ ಬಿಚ್ಚಬೇಡಿ.

ಲೇಸರ್ ಒಬ್ಬನೇ ಇದ್ದಾಗ ಚೆನ್ನಾಗಿದ್ದು ಲಿಂಕ್‌ನಲ್ಲಿ ಹಾಕಿದಾಗ ಕೆಟ್ರೆ ನನ್ನ ಮೊದಲ ಅನುಮಾನ ರಿಫ್ಲೆಕ್ಷನ್. ಎರಡು ರೀತಿ ಕಾಟ ಕೊಡತ್ತೆ. ಒಂದು, ವಾಪಸ್ ಬಂದ ಬೆಳಕು ಲೇಸರ್ ಒಳಗೇ ಹೋಗಿ ಅದನ್ನ ಕೆದಕತ್ತೆ, ಇದಕ್ಕೆ ಬೆಳಕನ್ನ ಒಂದೇ ದಿಕ್ಕಿಗೆ ಬಿಡೋ ಐಸೋಲೇಟರ್ ಇರ್ಬೇಕು, ಇದ್ಯಾ ಇಲ್ವಾ ಅಂತ ಡೇಟಾಶೀಟ್ ನೋಡಿ, ಇರತ್ತೆ ಬಿಡು ಅಂತ ಅಂದ್ಕೋಬೇಡಿ. ಎರಡು, ಲಿಂಕ್‌ನ ಮಧ್ಯೆ ಎರಡು ಕೆಟ್ಟ ಕನೆಕ್ಟರ್ ಇದ್ರೆ ಬೆಳಕು ಅವುಗಳ ನಡುವೆ ಒಂದು ಸುತ್ತು ಹೊಡ್ದು ತಡವಾಗಿ ಬಂದು ಮೂಲ ಬೆಳಕಿನ ಜೊತೆ ಸೇರತ್ತೆ, ಆಗ ಲೇಸರ್‌ನ ಫೇಸ್ ನಾಯ್ಸ್ ಇಂಟೆನ್ಸಿಟಿ ನಾಯ್ಸ್ ಆಗಿ ಬದಲಾಗತ್ತೆ. ಇದನ್ನ ಐಸೋಲೇಟರ್ ತಡೆಯಲ್ಲ ಯಾಕಂದ್ರೆ ಎರಡು ಸಲ ತಿರುಗಿದ ಬೆಳಕು ಮುಂದಕ್ಕೇ ಹೋಗ್ತಿರತ್ತೆ. ಪತ್ತೆ ಮಾಡೋದು ಸುಲಭ, ಒಂದೊಂದೇ ಫೈಬರ್‌ನ ಮೆತ್ತಗೆ ಬೆರಳಲ್ಲಿ ಮುಟ್ಟಿ, ನಾಯ್ಸ್ ಫ್ಲೋರ್ ಉಸಿರಾಡ್ತಿರೋ ಥರ ಮೇಲೆ ಕೆಳಗೆ ಆದ್ರೆ ಆ ತುಂಡಿನ ಎರಡೂ ತುದಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟು ನೋಡಿ, ಒರೆಸಿ, ಆಗ್ಲೂ ಹೋಗ್ಲಿಲ್ಲ ಅಂದ್ರೆ 8 ಡಿಗ್ರಿ ಕೋನದ ಎಪಿಸಿಗೆ ಬದಲಾಯಿಸಿ, ಇನ್ನೂ ಒಳ್ಳೇದು ಅಂದ್ರೆ ಸ್ಪ್ಲೈಸ್ ಮಾಡ್ಬಿಡಿ.

ಮುಟ್ಟಿದಾಗ ನಾಯ್ಸ್ ಅಲ್ಲ, ಡಿಸಿ ಕರೆಂಟೇ ಕುಣಿದ್ರೆ ಅದು ಬೇರೆ ಕಾಯಿಲೆ. ಲೇಸರ್‌ಗೂ ಮಾಡ್ಯುಲೇಟರ್‌ಗೂ ಮಧ್ಯೆ ಮಾಮೂಲಿ ಸಿಂಗಲ್ ಮೋಡ್ ಪ್ಯಾಚ್‌ಕಾರ್ಡ್ ಹಾಕಿರ್ತೀರ. ಲಿಥಿಯಂ ನಿಯೋಬೇಟ್ ಮಾಡ್ಯುಲೇಟರ್‌ಗೆ ಒಂದೇ ಪೋಲರೈಸೇಷನ್ ಬೇಕು, ಅಲ್ಲಿ ಪೋಲರೈಸೇಷನ್ ಮೇಂಟೇನಿಂಗ್ ಫೈಬರೇ ಇರ್ಬೇಕು, ಕೀ ಸರಿಯಾಗಿ ಕೂತಿರ್ಬೇಕು.

ಆಪ್ಟಿಕಲ್ ಆಂಪ್ಲಿಫೈಯರ್, ಅಂದ್ರೆ ಇಡಿಎಫ್‌ಎ ಇದ್ರೆ ಅದರ ಇನ್‌ಪುಟ್ ಪವರ್ ಎಷ್ಟು ಅಂತ ಅಳೀರಿ, ಔಟ್‌ಪುಟ್ ಅಲ್ಲ. ಎಲ್ರೂ ಔಟ್‌ಪುಟ್ ನೋಡ್ತಾರೆ, ಅದು ಕಾನ್‌ಸ್ಟೆಂಟ್ ಪವರ್ ಮೋಡ್‌ನಲ್ಲಿ ಇರೋದ್ರಿಂದ ಯಾವಾಗ್ಲೂ ಸರಿಯಾಗೇ ಕಾಣತ್ತೆ, ಅದ್ರ ಹಿಂದೆ ಇನ್‌ಪುಟ್ ಸೊರಗಿ ಹೋಗಿರೋದು ಗೊತ್ತೇ ಆಗಲ್ಲ. ಆಂಪ್ಲಿಫೈಯರ್ ತಾನಾಗಿ ಹೊರಡ್ಸೋ ಬೆಳಕು ಸಿಗ್ನಲ್ ಬೆಳಕಿನ ಜೊತೆ ಬೀಟ್ ಆಗಿ ಬರೋ ನಾಯ್ಸ್ ಇನ್‌ಪುಟ್ ಪವರ್‌ಗೆ ಉಲ್ಟಾ ಹೋಗತ್ತೆ. 5 ಡಿಬಿ ನಾಯ್ಸ್ ಫಿಗರ್‌ನ ಇಡಿಎಫ್‌ಎಗೆ 0 ಡಿಬಿಎಂ ಕೊಟ್ರೆ ಅದು -151ರ ರಿನ್‌ಗೆ ಸಮ, -10 ಡಿಬಿಎಂ ಕೊಟ್ರೆ -141, ಅಲ್ಲಿಗೆ ನಿಮ್ಮ ಒಳ್ಳೇ ಲೇಸರ್ ಮಣ್ಣುಪಾಲು. ಆಪ್ಟಿಕಲ್ ಫಿಲ್ಟರ್ ಹಾಕಿದ್ರೆ ಸರಿಹೋಗತ್ತೆ ಅಂತಾರೆ, ಪೂರ್ತಿ ಹೋಗಲ್ಲ. ಫಿಲ್ಟರ್ ತೆಗೆಯೋದು ಆ ಬೆಳಕು ತನ್ನ ಜೊತೆಗೇ ಬೀಟ್ ಆಗೋ ಭಾಗನ ಮಾತ್ರ, ಸಿಗ್ನಲ್ ಪಕ್ಕದಲ್ಲೇ ಇರೋ ಭಾಗನ ಯಾವ ಫಿಲ್ಟರೂ ತೆಗೆಯಲ್ಲ. ಆಂಪ್ಲಿಫೈಯರ್‌ನ ಸಾಧ್ಯವಾದಷ್ಟು ಮುಂದಕ್ಕೆ, ಬೆಳಕು ಇನ್ನೂ ದಷ್ಟಪುಷ್ಟವಾಗಿರೋ ಜಾಗಕ್ಕೆ ತನ್ನಿ.

ಹಾಗಂತ ಮುಂದೆ ತಂದು ಸಿಕ್ಕಾಪಟ್ಟೆ ಪವರ್ ಫೈಬರ್‌ಗೆ ತುರುಕೋಕೂ ಆಗಲ್ಲ, ಅಲ್ಲಿ ಬ್ರಿಲ್ವಾ ಸ್ಕ್ಯಾಟರಿಂಗ್ ಕಾಯ್ತಿರತ್ತೆ. ಲೈನ್‌ವಿಡ್ತ್ (ಬೆಳಕಿನ ಫ್ರೀಕ್ವೆನ್ಸಿ ಹರಡಿರೋ ಅಗಲ) ಕಿರಿದಾಗಿರೋ ಲೇಸರ್‌ಗೆ 20 ಕಿಲೋಮೀಟರ್ ಮಾಮೂಲಿ ಫೈಬರ್‌ನಲ್ಲಿ 6ರಿಂದ 10 ಡಿಬಿಎಂ ಹತ್ರ ಅದರ ಮಿತಿ ಶುರು. ಗುರುತು ಏನಂದ್ರೆ ಫೈಬರ್‌ಗೆ ಕೊಡೋ ಪವರ್ ಏರಿಸ್ತಾ ಹೋದ್ರೂ ಆ ಕಡೆ ಫೋಟೋಕರೆಂಟ್ ಏರೋದು ನಿಂತು ಹೋಗತ್ತೆ, ಬೆಳಕು ಹಿಂದಕ್ಕೆ ಓಡೋಕೆ ಶುರು ಮಾಡತ್ತೆ, ಕಡಿಮೆ ಫ್ರೀಕ್ವೆನ್ಸಿ ನಾಯ್ಸ್ ಉಬ್ಬತ್ತೆ. ಸರ್ಕ್ಯುಲೇಟರ್ ಹಾಕಿ ಹಿಂದೆ ಬರೋ ಬೆಳಕನ್ನ ಆಪ್ಟಿಕಲ್ ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ನೋಡಿದ್ರೆ ಲೇಸರ್‌ಗಿಂತ ಸುಮಾರು 11 ಗಿಗಾಹರ್ಟ್ಸ್ ಕೆಳಗೆ ಒಂದು ಗೆರೆ ಎದ್ದು ನಿಂತಿರತ್ತೆ, ಅದು ಸಿಕ್ಕಿದ್ರೆ ಸಾಕ್ಷಿ ಸಿಕ್ಕ ಹಾಗೆ. ಪವರ್ ಇಳ್ಸಿ, ಇಲ್ಲ ಅಂದ್ರೆ ಲೇಸರ್ ಫೇಸ್‌ನ ನಿಮ್ಮ ಸಿಗ್ನಲ್ ಬ್ಯಾಂಡ್‌ಗೆ ತೊಂದ್ರೆ ಆಗದ ಹಾಗೆ ಅಲ್ಲಾಡ್ಸಿ ಲೈನ್ ಅಗಲ ಮಾಡಿ.

ಇದೆಲ್ಲಾ ಆದ್ಮೇಲೂ ರಿನ್ನೇ ಅಂತ ಖಾತ್ರಿ ಆದ್ರೆ ಎರಡು ದಾರಿ. ಬ್ಯಾಲೆನ್ಸ್ಡ್ ಡಿಟೆಕ್ಷನ್, ಅಂದ್ರೆ ಎರಡು ಔಟ್‌ಪುಟ್ ಇರೋ ಮಾಡ್ಯುಲೇಟರ್ ಹಾಕಿ ಎರಡೂ ಕಡೆದನ್ನ ಎರಡು ಫೋಟೋಡಯೋಡ್‌ನಲ್ಲಿ ಕಳೆಯೋದು, ಸಿಗ್ನಲ್ ಸೇರತ್ತೆ, ರಿನ್ ಕಳೆದು ಹೋಗತ್ತೆ. ಆದ್ರೆ ಎರಡು ಫೈಬರ್ ಉದ್ದ ಸಮ ಇರ್ಬೇಕು ಅನ್ನೋದನ್ನ ಜನ ಹಗುರವಾಗಿ ತಗೋತಾರೆ. ಫೈಬರ್‌ನಲ್ಲಿ 1 ಮಿಲಿಮೀಟರ್ ಅಂದ್ರೆ 4.9 ಪಿಕೋಸೆಕೆಂಡ್, 10 ಗಿಗಾಹರ್ಟ್ಸ್‌ನಲ್ಲಿ ಅದು 17 ಡಿಗ್ರಿ ದಾಟತ್ತೆ. 1 ಸೆಂಟಿಮೀಟರ್ ವ್ಯತ್ಯಾಸ ಇದ್ರೆ ಹತ್ತಿರ ಹತ್ತಿರ 180 ಡಿಗ್ರಿ, ಕಳೀಬೇಕಾದ ನಾಯ್ಸ್ ಕೂಡ್ಕೊಳ್ಳತ್ತೆ, ಬ್ಯಾಲೆನ್ಸ್ಡ್ ಹಾಕಿದ್ಮೇಲೆ ಇನ್ನೂ ಕೆಟ್ಟೋಯ್ತು ಅಂತ ಕೈ ಚೆಲ್ಲೋರ ಹತ್ರ ನಾನು ಕೇಳೋದು ಒಂದೇ, ಸ್ಕೇಲ್ ಹಿಡಿದ್ರಾ ಅಂತ. ಇನ್ನೊಂದು ದಾರಿ ಬಯಾಸ್‌ನ ಕ್ವಾಡ್ರೇಚರ್‌ನಿಂದ ಕೆಳಗೆ, ನಲ್ (ಬೆಳಕು ಪೂರ್ತಿ ಆಫ್ ಆಗೋ ಬಿಂದು) ಕಡೆಗೆ ಇಳ್ಸೋದು. ನಲ್‌ನಿಂದ 90 ಡಿಗ್ರಿ ದೂರ ಇದ್ದಿದ್ದನ್ನ 30ಕ್ಕೆ ತಂದ್ರೆ ಸಿಗ್ನಲ್ 6 ಡಿಬಿ ಬೀಳತ್ತೆ, ಆದ್ರೆ ಡಿಸಿ ಬೆಳಕು ಏಳು ಪಟ್ಟಿಗಿಂತ ಜಾಸ್ತಿ ಕಮ್ಮಿ ಆಗೋದ್ರಿಂದ ರಿನ್ 17 ಡಿಬಿ ಬೀಳತ್ತೆ. ಸುಮ್ನೆ ಒಂದು ನಾಬ್ ತಿರುಗ್ಸಿ 11 ಡಿಬಿ ಗಳಿಸ್ದಂಗೆ. ಬೆಲೆ ಏನಪ್ಪಾ ಅಂದ್ರೆ ಸೆಕೆಂಡ್ ಹಾರ್ಮೋನಿಕ್ ಎದ್ದು ಕೂತ್ಕೊಳ್ಳತ್ತೆ, ಹಾಗಾಗಿ ಬ್ಯಾಂಡ್ ಒಂದು ಆಕ್ಟೇವ್ ಒಳಗೆ (ಮೇಲಿನ ಅಂಚು ಕೆಳಗಿನದ್ರ ಎರಡು ಪಟ್ಟಿಗಿಂತ ಕಮ್ಮಿ) ಇದ್ದು ಹಾರ್ಮೋನಿಕ್ ಫಿಲ್ಟರ್‌ನಲ್ಲಿ ಹೋಗೋ ಹಾಗಿದ್ರೆ ಮಾತ್ರ ಮಾಡಿ.

ಕೆಲವು ಫ್ರೀಕ್ವೆನ್ಸೀಲಿ ಮಾತ್ರ ಸಿಗ್ನಲ್ ಮಾಯ

ಇದು ದೋಷ ಅಲ್ಲವೇ ಅಲ್ಲ, ಆದ್ರೂ ದೋಷ ಅಂತ ಎಷ್ಟು ಜನ ಮಾಡ್ಯುಲೇಟರ್ ವಾಪಸ್ ಕಳ್ಸಿದ್ದಾರೋ. ಡಬಲ್ ಸೈಡ್‌ಬ್ಯಾಂಡ್ ಸಿಗ್ನಲ್‌ನ ಎರಡು ಸೈಡ್‌ಬ್ಯಾಂಡ್ (ಲೇಸರ್ ಫ್ರೀಕ್ವೆನ್ಸಿಯ ಎರಡೂ ಪಕ್ಕ ಏಳೋ ಸಿಗ್ನಲ್ ಭಾಗಗಳು) ಡಿಸ್ಪರ್ಷನ್‌ನಿಂದ, ಅಂದ್ರೆ ಫೈಬರ್‌ನಲ್ಲಿ ಬೇರೆ ಬೇರೆ ತರಂಗಾಂತರ ಬೇರೆ ಬೇರೆ ವೇಗದಲ್ಲಿ ಹೋಗೋದ್ರಿಂದ, ಬೇರೆ ಬೇರೆ ಫೇಸ್‌ನಲ್ಲಿ ಬಂದು ಒಂದನ್ನೊಂದು ಹೊಡೆದು ಹಾಕತ್ತೆ. ಮಾಮೂಲಿ ಸಿಂಗಲ್ ಮೋಡ್ ಫೈಬರ್‌ನಲ್ಲಿ, 1550ರಲ್ಲಿ, ಡಿಸ್ಪರ್ಷನ್ ಒಂದು ನ್ಯಾನೋಮೀಟರ್‌ಗೆ, ಒಂದು ಕಿಲೋಮೀಟರ್‌ಗೆ 17 ಪಿಕೋಸೆಕೆಂಡ್ ಅಂತ ಇಟ್ಕೊಂಡ್ರೆ 20 ಕಿಲೋಮೀಟರ್‌ಗೆ ಮೊದಲ ಗುಂಡಿ 13.5 ಗಿಗಾಹರ್ಟ್ಸ್ ಹತ್ರ, 50 ಕಿಲೋಮೀಟರ್‌ಗೆ 8.6, 5 ಕಿಲೋಮೀಟರ್‌ಗೆ 27. ಉದ್ದದ ವರ್ಗಮೂಲಕ್ಕೆ ಉಲ್ಟಾ ಹೋಗತ್ತೆ. ಇದು ಚಿರ್ಪ್ (ತೀವ್ರತೆ ಜೊತೆ ಬೆಳಕಿನ ಫ್ರೀಕ್ವೆನ್ಸಿನೂ ಅಲ್ಲಾಡೋದು) ಇಲ್ದಿರೋ ಮಾಡ್ಯುಲೇಟರ್ ಲೆಕ್ಕ, ಲೇಸರ್‌ನೇ ನೇರ ಮಾಡ್ಯುಲೇಟ್ ಮಾಡಿದ್ರೆ ಗುಂಡಿ ಜಾಗ ಬದಲಾಗತ್ತೆ. ಪರೀಕ್ಷೆ ಅಂದ್ರೆ ಉದ್ದ ಫೈಬರ್ ತೆಗೆದು ಚಿಕ್ಕ ಪ್ಯಾಚ್‌ಕಾರ್ಡ್ ಹಾಕಿ, ಗುಂಡಿ ಹೋದ್ರೆ ಡಿಸ್ಪರ್ಷನ್. ಡ್ಯುಯಲ್ ಡ್ರೈವ್ ಮಾಡ್ಯುಲೇಟರ್‌ಗೆ 90 ಡಿಗ್ರಿ ಹೈಬ್ರಿಡ್‌ನಿಂದ ಕೊಟ್ಟು ಒಂದೇ ಸೈಡ್‌ಬ್ಯಾಂಡ್ ಕಳ್ಸಿ, ಅಥವಾ ಕಾಂಪೆನ್ಸೇಟಿಂಗ್ ಫೈಬರ್ ಹಾಕಿ. ಗುಂಡಿ ಅಲ್ಲದೆ ನೂರು ಮೆಗಾಹರ್ಟ್ಸ್‌ಗೆ ಒಂದು ಸಲದಂತೆ ಅಲೆ ಅಲೆಯಾಗಿ ರಿಪಲ್ ಕಂಡ್ರೆ ಅದು ಸಾಮಾನ್ಯವಾಗಿ ಮೀಟರ್ ಉದ್ದದ ಆರ್‌ಎಫ್ ಕೇಬಲ್‌ನ ಎರಡು ತುದಿಯ ಮಿಸ್‌ಮ್ಯಾಚ್, 3 ಡಿಬಿ ಪ್ಯಾಡ್ (ಸಣ್ಣ ಆರ್‌ಎಫ್ ಆಟೆನ್ಯುಯೇಟರ್) ಹಾಕಿ ನೋಡಿ.

ಡಿಸ್ಟಾರ್ಷನ್

ಡಿಸ್ಟಾರ್ಷನ್ ಅಂದ್ರೆ ನೀವು ಕೊಡದೇ ಇರೋ ಹೊಸ ಫ್ರೀಕ್ವೆನ್ಸಿಗಳು ಲಿಂಕ್‌ನಲ್ಲೇ ಹುಟ್ಕೊಳ್ಳೋದು. ಎರಡು ಟೋನ್ ಕೊಡಿ, 10.00 ಮತ್ತೆ 10.01 ಗಿಗಾಹರ್ಟ್ಸ್ ಅಂತಿಟ್ಕೊಳ್ಳಿ. 9.99 ಮತ್ತೆ 10.02ರಲ್ಲಿ ಎದ್ದಿದ್ದು ಥರ್ಡ್ ಆರ್ಡರ್, 10 ಮೆಗಾಹರ್ಟ್ಸ್ ಮತ್ತೆ 20.01 ಗಿಗಾಹರ್ಟ್ಸ್‌ನಲ್ಲಿ ಎದ್ದಿದ್ದು ಸೆಕೆಂಡ್ ಆರ್ಡರ್. ಲಿಂಕ್‌ನ ಬೈಯೋ ಮುಂಚೆ ಅಳತೆ ಸಾಮಾನನ್ನೇ ಅನುಮಾನಿಸಿ. ಅನಲೈಸರ್‌ನ ಇನ್‌ಪುಟ್ ಆಟೆನ್ಯುಯೇಟರ್ 10 ಡಿಬಿ ಏರ್ಸಿ, ಓದಿದ ಲೆವೆಲ್ ಬದಲಾದ್ರೆ ಆ ಡಿಸ್ಟಾರ್ಷನ್ ಅನಲೈಸರ್‌ದು. ಎರಡು ಜನರೇಟರ್‌ಗಳು ಕಂಬೈನರ್ ಮೂಲಕ ಒಂದರೊಳಗೊಂದು ನುಗ್ಗಿ ಅಲ್ಲೇ ಬೆರೆಸಿಕೊಳ್ಳೋದೂ ಉಂಟು, ಪ್ರತಿಯೊಂದಕ್ಕೂ ಐಸೋಲೇಟರ್ ಅಥವಾ ಪ್ಯಾಡ್ ಹಾಕಿ, ಕಂಬೈನರ್ ಔಟ್‌ಪುಟ್‌ನ ನೇರವಾಗಿ ಒಂದ್ಸಲ ನೋಡ್ಬಿಡಿ.

ಇಲ್ಲೂ ಅದೇ ಆಪ್ಟಿಕಲ್ ಆಟೆನ್ಯುಯೇಟರ್ ಕೆಲ್ಸಕ್ಕೆ ಬರತ್ತೆ. ಬೆಳಕನ್ನ 1 ಡಿಬಿ ಇಳ್ಸಿ. ಟೋನ್ 2 ಡಿಬಿ ಇಳಿಯತ್ತೆ. ಥರ್ಡ್ ಆರ್ಡರೂ 2 ಡಿಬಿನೇ ಇಳಿದ್ರೆ ಡಿಸ್ಟಾರ್ಷನ್ ಆಟೆನ್ಯುಯೇಟರ್‌ಗಿಂತ ಮುಂಚೆಯೇ ಹುಟ್ಟಿದೆ, ಅಂದ್ರೆ ಮಾಡ್ಯುಲೇಟರ್ ಅಥವಾ ಅದಕ್ಕಿಂತ ಮೊದ್ಲು ಬರೋ ಡ್ರೈವರ್ ಆಂಪ್. 6 ಡಿಬಿ ಹತ್ರ ಇಳಿದ್ರೆ ಆಮೇಲೆ ಹುಟ್ಟಿದೆ, ಅಂದ್ರೆ ಫೋಟೋಡಯೋಡ್ ಅಥವಾ ಅದಾದ್ಮೇಲೆ ಬರೋ ಆಂಪ್. ಸೆಕೆಂಡ್ ಆರ್ಡರ್‌ಗೆ ಇದೇ ಲೆಕ್ಕ 2 ಮತ್ತೆ 4. ಆಮೇಲೆ ಆ ಗುಂಪಿನ ಒಳಗೆ ಆಂಪೋ ಅಲ್ವೋ ಅಂತ ನೋಡೋಕೆ ಆಂಪ್ ಮತ್ತೆ ಪಕ್ಕದ ಪಾರ್ಟ್ ಮಧ್ಯೆ ಒಂದು ಆರ್‌ಎಫ್ ಪ್ಯಾಡ್ ಇಟ್ಟು ಹಿಂಗೇ ಲೆಕ್ಕ ಹಾಕಿ. ಅಷ್ಟೇ, ಇದಕ್ಕಿಂತ ಜಾಸ್ತಿ ಬುದ್ಧಿವಂತಿಕೆ ಬೇಕಿಲ್ಲ.

ಮಾಡ್ಯುಲೇಟರ್ ಅಂತ ಸಿಕ್ಕಿದ್ರೆ ಸೆಕೆಂಡ್ ಆರ್ಡರ್‌ಗೂ ಥರ್ಡ್ ಆರ್ಡರ್‌ಗೂ ಬೇರೆ ಬೇರೆ ಉತ್ತರ. ಕ್ವಾಡ್ರೇಚರ್‌ನಲ್ಲಿ ಸೆಕೆಂಡ್ ಆರ್ಡರ್ ಇರ್ಲೇಬಾರ್ದು, ಇದ್ರೆ ಬಯಾಸ್ ಜಾರಿದೆ ಅಂತಲೇ. ಬಯಾಸ್ ತಪ್ಪು ಅರ್ಧ ಆದ್ರೆ ಸೆಕೆಂಡ್ ಹಾರ್ಮೋನಿಕ್ 6 ಡಿಬಿ ಇಳಿಯತ್ತೆ, ಹಾಗಾಗಿ ಬಯಾಸ್ ಟ್ಯೂನ್ ಮಾಡೋಕೆ ಡಿಸಿ ಪವರ್ ನೋಡೋದಕ್ಕಿಂತ ಸೆಕೆಂಡ್ ಹಾರ್ಮೋನಿಕ್‌ನ ತಳ ಹುಡುಕೋದು ಎಷ್ಟೋ ಚುರುಕು. ಥರ್ಡ್ ಆರ್ಡರ್ ಮಾತ್ರ ಬಯಾಸ್ ತಪ್ಪಲ್ಲ, ಮಾಕ್-ಝೆಂಡರ್‌ನ ಸೈನ್ ಆಕಾರದ ಹುಟ್ಟುಗುಣ. ನಮ್ಮ 5 ವೋಲ್ಟ್ ವಿ-ಪೈಗೆ ಇನ್‌ಪುಟ್ ಇಂಟರ್‌ಸೆಪ್ಟ್ (ಲೆಕ್ಕದ ಪ್ರಕಾರ ಥರ್ಡ್ ಆರ್ಡರ್ ಬೆಳೆದು ಟೋನ್‌ಗೆ ಸಮ ಆಗೋ ಪವರ್) 23 ಡಿಬಿಎಂ, ಅದಕ್ಕಿಂತ ತುಂಬಾ ಕಮ್ಮಿ ಬಂದ್ರೆ ಮಾತ್ರ ಬೇರೆ ಏನೋ ಇದೆ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. ವಿ-ಪೈ ಕಮ್ಮಿ ಇರೋ ಮಾಡ್ಯುಲೇಟರ್ ಹಾಕಿದ್ರೆ ಡಿಸ್ಟಾರ್ಷನ್ ಜಾಸ್ತಿ ಆಗತ್ತೆ ಅಂತ ಕೆಲವರು ಹೆದರ್ತಾರೆ, ಕಮ್ಮಿ ಆಗತ್ತೆ ಅಂತ ಕೆಲವರು ದುಡ್ಡು ಸುರಿತಾರೆ. ಔಟ್‌ಪುಟ್ ಇಂಟರ್‌ಸೆಪ್ಟ್ ಲೆಕ್ಕ ಬಿಡಿಸಿ ನೋಡಿ, ವಿ-ಪೈ ಮೇಲೂ ಕೆಳಗೂ ಹೊಡೆದು ಹೋಗಿ ಉಳಿಯೋದು 4 ಗುಣಿಸು ಕರೆಂಟ್‌ನ ವರ್ಗ ಗುಣಿಸು 50. 10 ಮಿಲಿಆಂಪ್‌ಗೆ 13 ಡಿಬಿಎಂ, ವಿ-ಪೈ 5 ಇರ್ಲಿ 2 ಇರ್ಲಿ. ವಿ-ಪೈ ಕಮ್ಮಿ ಮಾಡಿದ್ರೆ ಗೇನ್ ಏರತ್ತೆ, ನಾಯ್ಸ್ ಫಿಗರ್ ಇಳಿಯತ್ತೆ, ಆದ್ರೆ ಡೈನಾಮಿಕ್ ರೇಂಜ್ (ಡಿಸ್ಟಾರ್ಷನ್ ನಾಯ್ಸ್‌ನಿಂದ ಮೇಲೇಳದ ಹಾಗೆ ಸಿಗ್ನಲ್ ನಾಯ್ಸ್‌ಗಿಂತ ಎಷ್ಟು ಮೇಲೆ ಹೋಗ್ಬಹುದು ಅನ್ನೋದು) ಇದ್ದಲ್ಲೇ ಇರತ್ತೆ. ನಮ್ಮ ಲಿಂಕ್‌ಗೆ ಅದು 107 ಡಿಬಿ ಹತ್ರ, ಒಂದು ಹರ್ಟ್ಸ್ ಬ್ಯಾಂಡ್‌ವಿಡ್ತ್‌ಗೆ. ರಿನ್ ಹಿಡ್ಕೊಂಡಿದ್ರೆ ಕರೆಂಟ್ ಏರ್ಸಿದ್ರೂ ಅದು ಅಲ್ಲಾಡಲ್ಲ. ಅದಕ್ಕೇ ಡೈನಾಮಿಕ್ ರೇಂಜ್ ಬೇಕು ಅನ್ನೋರು ಮೊದ್ಲು ರಿನ್ ಇಳ್ಸಬೇಕು, ಆಮೇಲೆ ಲೀನಿಯರೈಸ್ ಮಾಡೋ ಮಾತು, ಅಂದ್ರೆ ಪ್ರಿಡಿಸ್ಟಾರ್ಷನ್ನೋ ಎರಡು ಮಾಡ್ಯುಲೇಟರ್ ಜೊತೆ ಮಾಡಿ ಥರ್ಡ್ ಆರ್ಡರ್ ಕಳೆಯೋದೋ.

ಫೋಟೋಡಯೋಡ್ ಕಡೆ ಅಂತ ಸಿಕ್ಕಿದ್ರೆ ಸೀದಾ ಸ್ಯಾಚುರೇಷನ್ ಅಂತ ತೀರ್ಪು ಕೊಡ್ಬೇಡಿ, ರಿವರ್ಸ್ ಬಯಾಸ್ ವೋಲ್ಟೇಜ್‌ನ ಡಯೋಡ್ ಕಾಲಿನ ಹತ್ರಾನೇ ಅಳೀರಿ, ಬೆಳಕು ಆನ್ ಇರೋವಾಗ. ಒಂದು ಲಿಂಕ್‌ನಲ್ಲಿ ಬೆಳಗ್ಗೆಯಿಂದ ಬಯಾಸ್ ಕಂಟ್ರೋಲರ್ ಜೊತೆ ಗುದ್ದಾಡಿದ್ದೆ, ಸೆಕೆಂಡ್ ಹಾರ್ಮೋನಿಕ್ ಯಾವ ಬಯಾಸ್‌ಗೂ ಇಳೀತಿರ್ಲಿಲ್ಲ. ಆಟೆನ್ಯುಯೇಟರ್ ಪರೀಕ್ಷೆ ಮಾಡಿದ್ರೆ 1 ಡಿಬಿಗೆ 4 ಡಿಬಿ. ಸಪ್ಲೈನಲ್ಲಿ 12 ವೋಲ್ಟ್ ಸರಿಯಾಗೇ ಇತ್ತು. ಆದ್ರೆ ಬಯಾಸ್ ಲೈನ್‌ನಲ್ಲಿ ಫಿಲ್ಟರಿಂಗ್‌ಗೆ ಅಂತ 1 ಕಿಲೋಓಮ್ ರೆಸಿಸ್ಟರ್ ಒಂದು ಕೂತಿತ್ತು, ಕರೆಂಟ್ 1 ಮಿಲಿಆಂಪ್ ಇದ್ದ ಕಾಲದಲ್ಲಿ ಹಾಕಿದ್ದು, ಈಗ 10 ಮಿಲಿಆಂಪ್‌ಗೆ ಅದರ ಮೇಲೇ 10 ವೋಲ್ಟ್ ಬಿದ್ದು ಡಯೋಡ್‌ಗೆ 2 ಉಳಿದಿತ್ತು. 100 ಓಮ್ ಹಾಕಿದ ಮೇಲೆ ಹಾರ್ಮೋನಿಕ್ ಬಿತ್ತು, ಜೊತೆಗೆ ಮೇಲಿನ ಫ್ರೀಕ್ವೆನ್ಸೀಲಿ ಬ್ಯಾಂಡ್‌ವಿಡ್ತೂ ವಾಪಸ್ ಬಂತು. ವೋಲ್ಟೇಜ್ ಏರ್ಸೋವಾಗ ಡಯೋಡ್‌ನ ಗರಿಷ್ಠ ಬಯಾಸ್, ಕರೆಂಟ್ ಗುಣಿಸು ವೋಲ್ಟೇಜ್‌ನ ಶಾಖ ಎರಡೂ ನೋಡ್ಕೊಳ್ಳಿ, ರೆಸಿಸ್ಟರ್ ಸಣ್ಣದಾದ್ರೆ ಅದು ಕೊಡ್ತಿದ್ದ ರಕ್ಷಣೆಯೂ ಕಮ್ಮಿ ಆಗತ್ತೆ.

ಬಯಾಸ್ ಜಾರೋದ್ರ ಬಗ್ಗೆ ಇನ್ನೊಂದು. ಲಿಥಿಯಂ ನಿಯೋಬೇಟ್ ಉಷ್ಣತೆಗೂ, ಹಾಕಿದ ಡಿಸಿ ವೋಲ್ಟೇಜ್‌ಗೂ, ಒಳಗೆ ಹೋಗೋ ಬೆಳಕಿಗೂ ನಿಧಾನವಾಗಿ ಸ್ಪಂದಿಸತ್ತೆ, ಆನ್ ಮಾಡಿದ ತಕ್ಷಣ ಟ್ಯೂನ್ ಮಾಡಿದ ಬಯಾಸ್ ಒಂದು ಗಂಟೆ ಆದ್ಮೇಲೆ ಇರೋದು ಅನುಮಾನ. ಕೈಯಲ್ಲಿ ಬಯಾಸ್ ಇಡೋರು ಎಲ್ಲಾ ಬಿಸಿಯಾಗಿ ನಿಂತ ಮೇಲೆ, ಡಬ್ಬದ ಮುಚ್ಚಳ ಹಾಕಿದ ಮೇಲೆ ಅಳೀರಿ, ಮುಚ್ಚಳ ತೆಗೆದಿಟ್ಟು ಸರಿ ಮಾಡಿ ಮುಚ್ಚಿದ ತಕ್ಷಣ ಮತ್ತೆ ಹಾರ್ಮೋನಿಕ್ ಎದ್ದು ಬರೋದು ನೋಡಿ ನೋಡಿ ಸಾಕಾಗಿ ನಾನು ಈಗ ಮುಚ್ಚಳದಲ್ಲೇ ಒಂದು ಸಣ್ಣ ತೂತು ಕೊರೆದು ಸ್ಕ್ರೂಡ್ರೈವರ್ ಅಲ್ಲಿಂದಾನೇ ಹಾಕ್ತೀನಿ.